ನಿಂಬೆ ಗಿಡಕ್ಕೆ ಚಳಿ ತಡೀತಿಲ್ವಾ?

ಆಲ್ದೂರಿನವಳು:
ಹಿತ್ತಲಲ್ಲಿ ಮೂರು ವರ್ಷದ ಕಸಿ ನಿಂಬೆ ಇದೆ. ದೀಪಾವಳಿವರೆಗೂ ಚೆನ್ನಾಗಿತ್ತು. ಈಗ ಬಲಿತ ಎಲೆಗಳ ನರ ಹಳದಿ, ಉಳಿದದ್ದು ಹಸಿರು. ಚಿಗುರೇ ಇಲ್ಲ. ಬೆಳಗ್ಗೆ 6ಕ್ಕೆ ಜಗಲಿಯಲ್ಲಿ 11 ಡಿಗ್ರಿ. ಎರಡು ಸಲ ಯೂರಿಯಾ ಹಾಕಿದೆ, ಪ್ರಯೋಜನ ಇಲ್ಲ. ಅತ್ತೆ ದೃಷ್ಟಿ ಆಗಿದೆ ಅಂತ ಮೆಣಸಿನಕಾಯಿ ಕಟ್ಟಿದ್ದಾರೆ. ತೋಟದ ಕಿತ್ತಳೆಗೆ ಮಾತ್ರ ಇದೇ ಚಳಿಯಲ್ಲಿ ಬಣ್ಣ ಬಂದಿದೆ. ಯಾಕೆ ಹೀಗೆ?

ಹಾನಬಾಳು ತೋಟ:
ನೋಡಮ್ಮ, ಮೊದಲು ಯೂರಿಯಾ ಚೀಲ ಕಟ್ಟಿಡಿ. ನಿಂಬೆ, ಕಿತ್ತಳೆ ಜಾತಿಯ ಗಿಡಗಳ ಬೆಳವಣಿಗೆ ಸುಮಾರು 13 ಡಿಗ್ರಿಗಿಂತ ಕೆಳಗೆ ನಿಂತೇ ಹೋಗುತ್ತದೆ. ಮಣ್ಣು ತಣ್ಣಗಾದರೆ ಬೇರು ಸಾರ ಎಳೆಯುವುದಿಲ್ಲ. ಊಟಕ್ಕೆ ಕೂತಲ್ಲೇ ನಿದ್ದೆ ಹೋದವನಿಗೆ ಇನ್ನೊಂದು ಸೌಟು ಬಡಿಸಿದ ಹಾಗಾಯ್ತು ನಿಮ್ಮ ಕೆಲಸ. ಬಿಸಿಲು ಏರಿ ಚಿಗುರು ಬರಲಿ, ಆಮೇಲೆ ಕೊಡಿ.

ಆದರೆ ಚಳಿ ಅಂತ ಸುಮ್ನೆ ಕೂರಬೇಡಿ. ಬುಡದ ತೊಗಟೆ ಕೊಳೆತರೂ ನರ ಹೀಗೇ ಹಳದಿ ಆಗುತ್ತದೆ. ಬುಡಕ್ಕೆ ಹಾಕಿದ ದರಗು, ಅಂದರೆ ಒಣ ಎಲೆ, ಸರಿಸಿ ಕಸಿಯ ಗಂಟಿನ ಸುತ್ತ ನೋಡಿ. ಅಂಟು ಸೋರಿದೆಯಾ? ಉಗುರಲ್ಲಿ ಕೆರೆದರೆ ಒಳಗೆ ಕಂದು ಇದೆಯಾ? ನಾನು ಎರಡು ಗಿಡ ಕಳೆದುಕೊಂಡದ್ದು ಹೀಗೇ, ನೋಡದೆ. ದರಗು ಕಾಂಡಕ್ಕೆ ತಾಗಬಾರದು, ಒಂದು ಗೇಣು ದೂರ ಇರಲಿ.

ಕಿತ್ತಳೆಯ ಬಣ್ಣವೂ ಚಳಿಯದ್ದೇ ಕೆಲಸ. ರಾತ್ರಿ ತಂಪಾದಾಗ ಸಿಪ್ಪೆಯ ಹಸಿರು ಕರಗುತ್ತದೆ, ಬಣ್ಣ ಎದ್ದು ಕಾಣುತ್ತದೆ. ಸೆಕೆಯ ಊರುಗಳಲ್ಲಿ ಹಣ್ಣಾದರೂ ಸಿಪ್ಪೆ ಹಸಿರಾಗೇ ಉಳಿಯುವುದುಂಟು. ಹಾಗಾಗಿ ಬಣ್ಣ ನಂಬಬೇಡಿ, ಒಂದು ತಿಂದು ನೋಡಿ ಕೀಳಿ.

ಬೆಂಗಳೂರು ಸೇರಿದವನು:
ಅಮೆರಿಕದ ಫ್ಲೋರಿಡಾದಲ್ಲಿ 1894–95ರ ಚಳಿಗೆ ಕಿತ್ತಳೆ ತೋಟಗಳೇ ಹಾಳಾಗಿದ್ದವು. ಅಲ್ಲಿ ಈಗ ಚಳಿ ಜಾಸ್ತಿಯಾದ ರಾತ್ರಿ ಗಿಡಕ್ಕೆ ನೀರು ಚಿಮುಕಿಸುತ್ತಾರಂತೆ. ನೀವೂ ಮಾಡಬಹುದಲ್ವಾ?

ಹಾನಬಾಳು ತೋಟ:
ಬೇಡಪ್ಪಾ! ಅದು ಸೊನ್ನೆಗಿಂತ ಕೆಳಗಿಳಿಯುವ ಊರಿನ ಉಪಾಯ. ನೀರು ಮಂಜುಗಡ್ಡೆ ಆಗುವಾಗ ಬಿಡುವ ಶಾಖ ಗಿಡವನ್ನು ಕಾಯುತ್ತದೆ. ಇಲ್ಲಿ 11 ಡಿಗ್ರಿಯಲ್ಲಿ ನೀರು ಹೊಡೆದರೆ ಬುಡ ಕೊಳೆಯುತ್ತದೆ, ಅಷ್ಟೇ.

ಆಲ್ದೂರಿನವಳು:
ಕೆರೆದು ನೋಡಿದೆ, ಒಳಗೆ ಹಸಿರಾಗಿದೆ, ಅಂಟು ಇಲ್ಲ. ದರಗು ಮಾತ್ರ ಕಾಂಡಕ್ಕೆ ಒತ್ತಿಕೊಂಡಿತ್ತು, ಸರಿಸಿದೆ. ಕಿತ್ತಳೆ ಒಂದು ತಿಂದೆ, ಇನ್ನೂ ಹುಳಿ. ಯೂರಿಯಾ ಚೀಲ ಅಟ್ಟಕ್ಕೆ ಹೋಯಿತು. ಮೆಣಸಿನಕಾಯಿ ಬಿಚ್ಚಲು ಅತ್ತೆ ಬಿಡುತ್ತಿಲ್ಲ.