ದತ್ತು ಮಗುವಿಗಾಗಿ ಕಾಯುವಾಗ ನಿಮ್ಮ ಮನೆಯಲ್ಲಿ ಪ್ರಾರ್ಥನೆ ಹೇಗಿತ್ತು? ಅನುಭವ ಇದ್ದವರು ಹೇಳಿ

ಕೇಳಿದವರು: ಕಾರವಾರ, ಕೋಡಿಬಾಗ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಮತ್ತು ಅವನ ಹೆಂಡತಿ ಅಮೆರಿಕದಲ್ಲಿದ್ದಾರೆ. ಈಗ ಇಬ್ಬರೂ ಅಲ್ಲಿನ ಪೌರರು. ಭಾರತದಿಂದಲೇ ಒಂದು ಮಗುವನ್ನು ದತ್ತು ತೆಗೆದುಕೊಳ್ಳಲು ಹೆಸರು ನೋಂದಾಯಿಸಿದ್ದಾರೆ. ಮನೆ, ಕುಟುಂಬ ನೋಡಿ ಮಾಡುವ ಪರಿಶೀಲನೆ (ಹೋಮ್ ಸ್ಟಡಿ) ಮುಗಿದಿದೆ, ಕಾಯುತ್ತಿದ್ದಾರೆ. ಇಲ್ಲಿ ಅಮ್ಮ ದಿನಾ ಸಂಜೆ ತೇರ್ಸ್ (ಜಪಸರದ ಪ್ರಾರ್ಥನೆ) ಹೇಳುತ್ತಾರೆ. ಆದರೆ ಅವರು ಬೇಡುವುದು ಹೊಟ್ಟೆಯಲ್ಲಿ ಹುಟ್ಟುವ ಮಗುವಿಗಾಗಿ. ನಂಬಿಕೆ ಇದ್ದರೆ ದತ್ತು ಯಾಕೆ ಬೇಕು ಅಂತ ಕೇಳುತ್ತಾರೆ. ರಕ್ತದ ಮಾತು, ಮನೆ-ಜಾಗದ ಮಾತೂ ಬರುತ್ತದೆ. ಅಲ್ಲಿ ತಮ್ಮನ ಹೆಂಡತಿ ಚರ್ಚಿನ ಪೂಜೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ. "ದೇವರ ಹತ್ತಿರ ಹೇಳಲು ಏನೂ ಉಳಿದಿಲ್ಲ ಅಕ್ಕಾ" ಅಂದಳು. ನನಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ನಿಮ್ಮ ಮನೆಗಳಲ್ಲಿ ಇದನ್ನು ಹೇಗೆ ದಾಟಿದಿರಿ? ಮಗು ಬಂದ ಮೇಲೆ ಜ್ಞಾನಸ್ನಾನ ಯಾವಾಗ ಮಾಡಿಸಿದಿರಿ?

ಹೊನ್ನಾವರದವಳು, ಈಗ ಟೆಕ್ಸಾಸ್‌ನಲ್ಲಿ

ಅಕ್ಕಾ, ಅವಳನ್ನು ಪೂಜೆಗೆ ಹೋಗು ಅಂತ ಒತ್ತಾಯ ಮಾಡಬೇಡಿ. ನಾನೂ ಕೆಲವು ಕಾಲ ಹೋಗುತ್ತಿರಲಿಲ್ಲ. ಚರ್ಚಿನಲ್ಲಿ ಎಲ್ಲಿ ಕೂತರೂ ಮುಂದಿನ ಬೆಂಚಿನಲ್ಲಿ ಒಂದು ಕೂಸು ನನ್ನನ್ನೇ ನೋಡುತ್ತಿರುತ್ತಿತ್ತು. ಅದು ದೇವರ ಮೇಲಿನ ಸಿಟ್ಟಲ್ಲ, ತಡೆದುಕೊಳ್ಳುವ ಶಕ್ತಿ ಇರಲಿಲ್ಲ ಅಷ್ಟೆ.

ಊರಿಗೆ ಬಂದಾಗ, ಅದರಲ್ಲೂ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನವರ ಹುಟ್ಟುಹಬ್ಬ) ಬಂದಾಗ, ಎಲ್ಲರೂ ನನಗೆ ಬೈಬಲಿನ ಹನ್ನಳ ಕತೆ ಹೇಳುವವರೇ. ಹನ್ನ ಬೇಡಿಕೊಂಡಳು, ಸಮುವೇಲ ಹುಟ್ಟಿದ. ನೀನೂ ಬೇಡಿಕೋ. ಆ ಅಧ್ಯಾಯವನ್ನು ನಾನು ಕೂತು ಓದಿದೆ. ಹನ್ನ ದೇವಾಲಯದಲ್ಲಿ ಅಳುತ್ತಾಳೆ, ಅವಳ ತುಟಿ ಮಾತ್ರ ಅಲ್ಲಾಡುತ್ತದೆ. ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡು ಗದರುತ್ತಾನೆ. ಈ ಭಾಗವನ್ನು ನನಗೆ ಯಾರೂ ಹೇಳಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ. ಅಳುವವಳನ್ನು ಯಾಜಕನೇ ತಪ್ಪು ತಿಳಿದ, ದೇವರು ತಪ್ಪು ತಿಳಿಯಲಿಲ್ಲ. ಆಮೇಲೆ ಕೀರ್ತನೆಗಳಿಗೆ ಬಂದೆ. 13ನೆಯದು ಶುರುವಾಗುವುದೇ ದೇವರಿಗೆ "ಇನ್ನೂ ಎಷ್ಟು ಕಾಲ" ಅಂತ ಕೇಳುತ್ತಾ. ಬೈಬಲಿನಲ್ಲೇ ಇಂಥ ದೂರು ಇದೆಯೆಂದರೆ ನಮ್ಮ ಬಾಯಲ್ಲೂ ಇರಬಹುದು ಅಲ್ವಾ? ನಾವು ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಬಿಟ್ಟೆವು. ರಾತ್ರಿ ಒಂದು ಕೀರ್ತನೆ ಓದಿ ಸುಮ್ನೆ ಕೂರುತ್ತಿದ್ದೆವು. ಆ ತಂಗಿಗೆ ಏನಾದರೂ ಕಳಿಸುವುದಾದರೆ ಅದನ್ನು ಕಳಿಸಿ. ಬುದ್ಧಿಮಾತು ಬೇಡ.

ಇನ್ನೊಂದು ವಿಷಯ. ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ನನಗೆ ಎಲ್ಲಕ್ಕಿಂತ ಮುಖ್ಯ ಇದು. ಮೊದಮೊದಲು ನಮ್ಮ ಪ್ರಾರ್ಥನೆ ಒಂದೇ: ಬೇಗ ಕೊಡು. ನಮ್ಮ ಏಜೆನ್ಸಿಯ ತರಬೇತಿಯಲ್ಲಿ ಮಗು ದತ್ತಿಗೆ ಬರುವುದು ಹೇಗೆ ಅಂತ ವಿವರಿಸಿದರು. ಹೆತ್ತವರು ತಾವೇ ಒಪ್ಪಿಸಿದ ಮಗುವಾದರೆ, ಮನಸ್ಸು ಬದಲಿಸಲು ಅವರಿಗೆ 60 ದಿನ ಇರುತ್ತದೆ. ಯಾರೋ ಬಿಟ್ಟುಹೋದ ಮಗುವಾದರೆ ಹೆತ್ತವರನ್ನು ಹುಡುಕಬೇಕು. ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳು, ಅದಕ್ಕಿಂತ ದೊಡ್ಡ ಮಗುವಿಗೆ ನಾಲ್ಕು ತಿಂಗಳು. ಯಾರೂ ಬರದಿದ್ದರೆ ಮಾತ್ರ ಮಕ್ಕಳ ಕಲ್ಯಾಣ ಸಮಿತಿ ಆ ಮಗುವನ್ನು ದತ್ತಿಗೆ ಮುಕ್ತ ಅನ್ನುತ್ತದೆ. ಅದಾದ ಮೇಲೂ ಮೊದಲು ದೇಶದೊಳಗಿನ ಮತ್ತು ಎನ್‌ಆರ್‌ಐ ದಂಪತಿಗಳಿಗೆ ನೋಡುತ್ತಾರೆ, ಆಮೇಲೆ ಬೇರೆ ದೇಶದ ಪೌರರಾದ ನಮ್ಮಂಥವರಿಗೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಬೇಗ ಬೇಗ ಅಂತ ಬೇಡುತ್ತಿದ್ದದ್ದು ಏನನ್ನು? ಎಲ್ಲೋ ಒಬ್ಬ ತಾಯಿ ವಾಪಸ್ ಬರಬಾರದು ಅಂತಲೇ?

ಆಮೇಲೆ ನಮ್ಮ ಪ್ರಾರ್ಥನೆಗೆ ಅವಳೂ ಸೇರಿದಳು. ಆ ತಾಯಿಗೆ ಮಗುವನ್ನು ಸಾಕುವ ದಾರಿ ಇದ್ದರೆ ಅವಳೇ ಸಾಕಲಿ, ದಾರಿ ಇಲ್ಲದಿದ್ದರೆ ನಮ್ಮ ಮನೆ ತೆರೆದಿರಲಿ. ಈ ಮಾತು ಬಾಯಿಂದ ಬರುವುದು ಬಹಳ ಕಷ್ಟ. ಬಂದ ಮೇಲೆ ಕಾಯುವುದು ಬೇರೆ ಥರ ಆಯಿತು. ತಡವಾದ ಪ್ರತಿ ದಿನವೂ ದೇವರು ನಮಗೆ ಮಾಡಿದ ಅನ್ಯಾಯ ಅನ್ನಿಸುವುದು ನಿಂತಿತು.

ನನ್ನ ಗಂಡ ಜಪಸರ ಹಿಡಿಯುವವರಲ್ಲ. ಅವರು ಫೈಲ್ ಹಿಡಿದರು. ಅಮೆರಿಕ ಸರಕಾರದ ಐ-800ಎ ಅರ್ಜಿ, ಮಗುವಿನ ವಿವರ ಬಂದ ಮೇಲೆ ಐ-800 ಅರ್ಜಿ, ದೇಶದೇಶಗಳ ನಡುವಿನ ದತ್ತಿನ ಹೇಗ್ ಒಪ್ಪಂದದ 5ನೇ ವಿಧಿಯ ಪತ್ರ, ಭಾರತದಲ್ಲಿ ದತ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಕಾರಾದ ಎನ್‌ಒಸಿ, ಜಿಲ್ಲಾಧಿಕಾರಿಯ ಆದೇಶ, ಅದರ ಮೇಲೆ ಕಾರಾದ ದೃಢೀಕರಣ ಪತ್ರ, ಪಾಸ್‌ಪೋರ್ಟ್, ವೀಸಾ. ಒಂದೊಂದನ್ನೂ ಎರಡೆರಡು ಸಲ ಓದುತ್ತಿದ್ದರು. ಅದೂ ಪ್ರಾರ್ಥನೆಯೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ನಿಮ್ಮ ತಮ್ಮ ಹಾಗೆ ಕಾಗದದಲ್ಲಿ ಮುಳುಗಿದ್ದರೆ ಅವನಿಗೆ ಭಕ್ತಿ ಇಲ್ಲ ಅಂದುಕೊಳ್ಳಬೇಡಿ.

ನಮ್ಮ ಮಗಳು ಬಂದಾಗ ಐದು ದಾಟಿತ್ತು. ಬೇರೆ ರಾಜ್ಯದ ಮಕ್ಕಳ ಮನೆಯಲ್ಲಿ ಬೆಳೆದವಳು. ತಟ್ಟೆ ಇಟ್ಟ ಕೂಡಲೇ ಕಣ್ಣು ಮುಚ್ಚಿ, ಕೈ ಮುಗಿದು ಒಂದು ಶ್ಲೋಕ ಹೇಳುತ್ತಿದ್ದಳು. ಅದನ್ನು ಬಿಡಿಸಬೇಕು ಅಂತ ನಮ್ಮವರಲ್ಲೇ ಕೆಲವರು ಹೇಳಿದರು. ನಾವು ಬಿಡಿಸಲಿಲ್ಲ. ತನ್ನದು ಅನ್ನುವ ಎಷ್ಟು ಸಾಮಾನು ಆ ಮಗುವಿನ ಹತ್ತಿರ ಇತ್ತು? ಆ ಶ್ಲೋಕ ಅವಳ ಜೊತೆ ಅಷ್ಟು ದೂರ ಬಂದಿತ್ತು. ಅವಳು ಮುಗಿಸುವವರೆಗೆ ಕಾದು, ಆಮೇಲೆ ನಾವು ಶಿಲುಬೆಯ ಗುರುತು ಹಾಕಿ ನಮ್ಮ ಊಟದ ಪ್ರಾರ್ಥನೆ ಹೇಳುತ್ತಿದ್ದೆವು. ಸ್ವಲ್ಪ ದಿನದಲ್ಲಿ ಅವಳೇ ಎರಡನ್ನೂ ಹೇಳತೊಡಗಿದಳು.

ಮನೆಗೆ ಬಂದ ಒಬ್ಬರು ಪ್ರೀತಿಯಿಂದಲೇ ಅವಳಿಗೆ ಹೇಳಿದರು: "ದೇವರು ನಿನ್ನನ್ನು ಇವರಿಗಾಗಿಯೇ ಆರಿಸಿದ್ದು." ಅವರು ಹೋದ ಮೇಲೆ ಅವಳು ಕೇಳಿದಳು, "ಹಾಗಾದ್ರೆ ನನ್ನ ಆ ಅಮ್ಮನ ಹತ್ತಿರದಿಂದ ನನ್ನನ್ನು ತೆಗೆದದ್ದು ದೇವರೇನಾ?" ನಾನು ಇಲ್ಲ ಅಂದೆ. ಅಲ್ಲಿ ಆದದ್ದು ದುಃಖದ ವಿಷಯ, ದೇವರಿಗೂ ದುಃಖ ಆಯಿತು, ಆಮೇಲೆ ನೀನು ಒಬ್ಬಳೇ ಇರಬಾರದು ಅಂತ ನಾವು ಬಂದೆವು ಅಂದೆ. ನಾನು ನಂಬುವುದೂ ಅದನ್ನೇ. ಅಕ್ಕಾ, ಮಗು ಬರುವ ಮೊದಲೇ ಮನೆಯವರಿಗೆಲ್ಲ ಇದನ್ನು ಹೇಳಿಡಿ. ಮಗುವಿನ ಕಷ್ಟವನ್ನು ದೇವರ ಯೋಜನೆ ಅಂತ ಅದರ ಮುಂದೆ ಯಾರೂ ಹೇಳಬಾರದು.

ಶಿರಸಿಯಿಂದ ಒಬ್ಬ ಅಪ್ಪ

ನಮ್ಮದು ದೇಶದೊಳಗಿನ ದತ್ತು, ಹಾಗಾಗಿ ವೀಸಾ ವಿಷಯ ಗೊತ್ತಿಲ್ಲ. ಒಂದೇ ಮಾತು ಸೇರಿಸುತ್ತೇನೆ. ನಮ್ಮ ಸಭೆಯಲ್ಲಿ ಎಲ್ಲರೂ "ಪುಣ್ಯದ ಕೆಲಸ ಮಾಡಿದಿರಿ" ಅನ್ನುತ್ತಾರೆ, ಯಾಕೋಬನ ಪತ್ರಿಕೆ ಮೊದಲ ಅಧ್ಯಾಯದ 27ನೇ ವಚನ ಹೇಳುತ್ತಾರೆ. ಆ ವಚನದಲ್ಲಿ ಅನಾಥರ ಜೊತೆಗೆ ವಿಧವೆಯರೂ ಇದ್ದಾರೆ. ಕಷ್ಟದಲ್ಲಿರುವ ಮಗುವಿನ ಪಕ್ಕದಲ್ಲೇ ಕಷ್ಟದಲ್ಲಿರುವ ಹೆಂಗಸನ್ನೂ ನಿಲ್ಲಿಸಿದೆ ಆ ವಚನ. ಹೊನ್ನಾವರದ ತಂಗಿ ಬರೆದದ್ದು ಓದಿ ಇದು ನೆನಪಾಯಿತು. ನನ್ನ ಮಗ ಈಗ ಹೈಸ್ಕೂಲು. ಅವನ ಎದುರು ಯಾರಾದರೂ ಪುಣ್ಯ ಅಂದರೆ ನಾನು ಅಲ್ಲೇ ತಡೆಯುತ್ತೇನೆ. ನನಗೆ ಮಗ ಬೇಕಿತ್ತು, ಸಿಕ್ಕಿದ. ಅವನು ಜೀವನವಿಡೀ ನನಗೆ ಉಪಕಾರ ತೀರಿಸುತ್ತಾ ಇರಬೇಕಾಗಿಲ್ಲ.

ಹಳಿಯಾಳ ಕಡೆಯ ಒಬ್ಬ ಸಿಸ್ಟರ್

ನಾನು ಬಹಳ ವರ್ಷ ಮಕ್ಕಳ ಮನೆಯಲ್ಲಿ ಸೇವೆ ಮಾಡಿದವಳು. ಮಗುವಿನ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ ಮಗಳೇ.

ಕಾಯುವ ಕಾಲದಲ್ಲಿ ಪರಿಚಯದವರು ಬಂದು "ಇಂಥ ಕಾನ್ವೆಂಟಿನಲ್ಲಿ ಮಗು ಇದೆಯಂತೆ, ಫಾದರ್ ಹತ್ತಿರ ಹೇಳಿಸಿದರೆ ಆಗುತ್ತದೆ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆ ದಾರಿ ಬೇಡ. ಕಾರಾದ ಕೇರಿಂಗ್ಸ್ ಪೋರ್ಟಲ್ ಮೂಲಕ, ಅವರ ದೇಶದ ಅಧಿಕೃತ ಏಜೆನ್ಸಿ ಮೂಲಕ ಮಾತ್ರ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ನಿಯಮ ಬಿಟ್ಟು ಮಗುವನ್ನು ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಮೂರು ವರ್ಷದವರೆಗೆ ಜೈಲು ಆಗಬಹುದು. ಕಾಗದ ಸರಿ ಇಲ್ಲದಿದ್ದರೆ ಅಮೆರಿಕದ ವೀಸಾನೂ ಸಿಗುವುದಿಲ್ಲ. ಜೈಲು, ವೀಸಾ ಬಿಡಿ. ಹೆತ್ತವರು ನಿಜವಾಗಿ ಒಪ್ಪಿದ್ದರೇ ಅಂತ ಆ ಮಗು ದೊಡ್ಡದಾಗಿ ಕೇಳಿದಾಗ ತೋರಿಸಲು ಒಂದು ಹಾಳೆಯಾದರೂ ಇರಬೇಕು. ಆ ಹಾಳೆ ಮಗುವಿನ ಆಸ್ತಿ.

ಮಗುವನ್ನು ಒಪ್ಪಿಕೊಂಡ ಮೇಲೆ ಒಂದು ಚಿಕ್ಕ ಆಲ್ಬಮ್ ಕಳಿಸಲು ಹೇಳಿ. ಅಪ್ಪ, ಅಮ್ಮ, ಮನೆ, ಮಲಗುವ ಜಾಗ. ಕಾರವಾರದ ಅಜ್ಜಿಯ ಫೋಟೋನೂ ಇರಲಿ. ಸಂಸ್ಥೆಯವರು ಒಪ್ಪಿದರೆ ಅವರ ಧ್ವನಿಯ ರೆಕಾರ್ಡಿಂಗ್ ಕೂಡ. ನಮ್ಮ ಮಕ್ಕಳು ಆ ಆಲ್ಬಮ್ ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗುತ್ತಿದ್ದರು. ಹೆಸರು ಪೂರ್ತಿ ಬದಲಿಸಬೇಡಿ. ಸಂತರ ಹೆಸರು ಬೇಕಿದ್ದರೆ ಜೊತೆಗೆ ಸೇರಿಸಿ.

ಹೊರಡುವ ದಿನ ಮಕ್ಕಳು ಆಯಾಳನ್ನು ತಬ್ಬಿಕೊಂಡು ಕೂಗುತ್ತಾರೆ. ಹೊಸ ತಾಯಿ ಅದನ್ನು ನೋಡಿ ಕುಸಿಯುತ್ತಾಳೆ, ತಾನು ಬೇಡವಾದೆ ಅಂದುಕೊಳ್ಳುತ್ತಾಳೆ. ಹಾಗಲ್ಲ. ಒಬ್ಬರನ್ನು ಹಾಗೆ ಹಚ್ಚಿಕೊಂಡ ಮಗು ಇನ್ನೊಬ್ಬರನ್ನೂ ಹಚ್ಚಿಕೊಳ್ಳುತ್ತದೆ. ಸುಮ್ಮನೆ ಇರುವ ಮಗುವಿನ ಬಗ್ಗೆಯೇ ನನಗೆ ಚಿಂತೆ ಜಾಸ್ತಿ. ತಮ್ಮನ ಹೆಂಡತಿಗೆ ಇದನ್ನು ಈಗಲೇ ತಿಳಿಸಿ. ಆ ದಿನ ಯಾರು ಹೇಳಿದರೂ ಕಿವಿಗೆ ಹೋಗುವುದಿಲ್ಲ.

ಅಂಕೋಲೆಯ ಅಜ್ಜಿ, ಮೊಮ್ಮಗ ಬರೆದುಕೊಟ್ಟದ್ದು

ನಿನ್ನ ಅಮ್ಮನಿಗೆ ಇದನ್ನು ಓದಿ ಹೇಳು ಮಗಾ. ನಾನೂ ಅವರ ಹಾಗೇ ಯೋಚಿಸುವವಳು.

ನಮ್ಮ ಕಾಲದಲ್ಲಿ ಕ್ರೈಸ್ತರಿಗೆ ದತ್ತು ಅಂತಲೇ ಇರಲಿಲ್ಲ. 1956ರ ದತ್ತು ಕಾಯ್ದೆ ಹಿಂದೂಗಳಿಗೆ ಮತ್ತು ಬೌದ್ಧ, ಜೈನ, ಸಿಖ್ಖರಿಗೆ. ನಾವು ಮಗು ಸಾಕಿದರೆ 1890ರ ಕಾಯ್ದೆಯಲ್ಲಿ ಪೋಷಕರು ಅಂತ ಮಾತ್ರ ಆಗುತ್ತಿದ್ದೆವು. ನನ್ನ ಚಿಕ್ಕಪ್ಪ ಒಬ್ಬ ಹುಡುಗನನ್ನು ಹಾಗೆ ಸಾಕಿದರು. ಆಗ ಕಾರವಾರಕ್ಕೆ ಬೇರೆ ಡಯೊಸಿಸ್ (ಧರ್ಮಪ್ರಾಂತ್ಯ) ಇರಲಿಲ್ಲ, 1976ರಲ್ಲಿ ಆದದ್ದು ಅದು. ಚಿಕ್ಕಪ್ಪ ವಿಲ್ ಬರೆಯದೆ ತೀರಿಕೊಂಡರು. ಹುಡುಗನಿಗೆ ಒಂದು ತೆಂಗಿನಮರವೂ ಸಿಗಲಿಲ್ಲ. ಜಾಗದ ಮಾತು ಬಂದಾಗ ನನಗಿದ್ದ ಹೆದರಿಕೆ ಇದು. ಈಗ ಹಾಗಿಲ್ಲ ಅಂತ ಮಗ ಕೂರಿಸಿ ತಿಳಿಸಿದ. ಬಾಲನ್ಯಾಯ ಕಾಯ್ದೆ ಎಲ್ಲ ಧರ್ಮದವರಿಗೂ ಒಂದೇ, 2014ರಲ್ಲಿ ಸುಪ್ರೀಂ ಕೋರ್ಟೂ ಹಾಗೇ ಹೇಳಿದೆ. ಆದೇಶ ಆದ ದಿನದಿಂದ ಆ ಮಗು ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಹಾಗೆಯೇ, ಆಸ್ತಿಯಲ್ಲೂ.

ರಕ್ತದ ಮಾತಿಗೆ ನಮ್ಮ ಫಾದರ್ ಮತ್ತಾಯನ ಮೊದಲ ಅಧ್ಯಾಯ ತೆಗೆದು ತೋರಿಸಿದರು. ಅಬ್ರಹಾಮನಿಂದ ಹಿಡಿದು ಯೇಸುವಿನವರೆಗಿನ ವಂಶಾವಳಿ ಬರುವುದು ಜೋಸೆಫರ ಮೂಲಕ. ಜೋಸೆಫರು ಹುಟ್ಟಿಸಿದ ತಂದೆ ಅಲ್ಲ. ಆದರೂ ಹೆಸರಿಟ್ಟವರು ಅವರು, ವಂಶ ಕೊಟ್ಟವರು ಅವರು. ಇಷ್ಟು ವರ್ಷ ಮಾರ್ಚ್ 19ರ ಹಬ್ಬಕ್ಕೆ ಹೋಗಿ ಬಂದಿದ್ದೇನೆ, ಈ ಲೆಕ್ಕ ನನ್ನ ತಲೆಗೆ ಬಂದಿರಲಿಲ್ಲ. ನಿನ್ನ ಅಮ್ಮನ ತೇರ್ಸ್ ನಿಲ್ಲಿಸಬೇಡ. ಕೊನೆಯಲ್ಲಿ ಜೋಸೆಫರಿಗೂ ಒಂದು ಪ್ರಾರ್ಥನೆ ಸೇರಿಸಲು ಹೇಳು, "ಎಲ್ಲಿದೆಯೋ ಆ ಮಗುವಿಗೆ" ಅಂತ. ಬಾಯಿ ಹೇಳುತ್ತಾ ಹೇಳುತ್ತಾ ಮನಸ್ಸು ಹಿಂದೆ ಬರುತ್ತದೆ. ನನಗೆ ಹಾಗೇ ಆಯಿತು.

ಕೋಡಿಬಾಗದಿಂದ ಮತ್ತೆ

ಎಲ್ಲರಿಗೂ ಬಹಳ ಉಪಕಾರವಾಯಿತು. ಅಜ್ಜಿಯ ಮಾತು ಅಮ್ಮನಿಗೆ ಓದಿದೆ. ಏನೂ ಹೇಳಲಿಲ್ಲ. "ಹುಡುಗಿಯೋ ಹುಡುಗನೋ ಗೊತ್ತಾಗಿದೆಯಾ" ಅಂತ ಮಾತ್ರ ಕೇಳಿದರು. ಹೊನ್ನಾವರದ ತಂಗಿ, ಜ್ಞಾನಸ್ನಾನದ ವಿಷಯ ಸ್ವಲ್ಪ ಹೇಳುತ್ತೀಯಾ? ಇಲ್ಲಿಗೆ ಬಂದಾಗಲೇ ಮಾಡಿಸೋಣ ಅಂತ ಅಮ್ಮನ ಆಸೆ.

ಹೊನ್ನಾವರದವಳು

ದತ್ತು ಆದೇಶ ಕೈಗೆ ಬಂದ ಮೇಲೆ ಮಾಡಿಸಿ ಅಕ್ಕಾ. ಕಾನೂನಿನ ಪ್ರಕಾರ ದತ್ತಾದ ಮಗುವನ್ನು ಧರ್ಮಸಭೆಯೂ ದತ್ತು ತಂದೆತಾಯಿಯ ಮಗು ಅಂತಲೇ ಎಣಿಸುತ್ತದೆ, 1983ರ ಧರ್ಮಸಭೆಯ ಕಾನೂನಿನಲ್ಲಿ ಅದು ಸ್ಪಷ್ಟ ಇದೆ. ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ನಿಮ್ಮ ತಮ್ಮನ ಮತ್ತು ಅವನ ಹೆಂಡತಿಯ ಹೆಸರೇ ಬರುತ್ತದೆ. ಹೆತ್ತವರ ಹೆಸರು ಬರೆಯುವ ಪದ್ಧತಿ ಮಾತ್ರ ದೇಶದಿಂದ ದೇಶಕ್ಕೆ ಬೇರೆ, ಆದ್ದರಿಂದ ಎಲ್ಲಿ ಮಾಡಿಸುತ್ತೀರೋ ಅಲ್ಲಿನ ಗುರುಗಳನ್ನು ಮೊದಲೇ ಕೇಳಿ. ಮಗು ಮೊದಲೇ ಜ್ಞಾನಸ್ನಾನ ಪಡೆದಿದೆಯೋ ಇಲ್ಲವೋ ಅಂತ ವಿಚಾರಿಸಿಯೂ ಸಂಶಯ ಉಳಿದರೆ, "ಮೊದಲು ಆಗಿಲ್ಲದಿದ್ದರೆ" ಅನ್ನುವ ಷರತ್ತಿನ ಜ್ಞಾನಸ್ನಾನ ಕೊಡುತ್ತಾರೆ. ಏಳು ತುಂಬಿದ ಮಗುವಾದರೆ ಅದು ತಾನೇ ಬಯಸಬೇಕು, ಸ್ವಲ್ಪ ಧರ್ಮೋಪದೇಶವೂ ಆಗಬೇಕು. ಸಣ್ಣ ಮಗುವಾದರೂ ಮೊದಲು ಮನೆಗೆ ಹೊಂದಿಕೊಳ್ಳಲಿ. ಗೊತ್ತಿಲ್ಲದ ಜನರ ನಡುವೆ ಗೊತ್ತಿಲ್ಲದ ಯಾರೋ ತಲೆಗೆ ನೀರು ಹಾಕಿದರೆ ಹೆದರುತ್ತದೆ. ನಮ್ಮ ಮಗಳದ್ದು ಅವಳೇ "ನಂದು ಯಾವಾಗ" ಅಂತ ಕೇಳಿದ ಮೇಲೆ ಆಯಿತು.

ಕಾರವಾರದಲ್ಲಿ ಮಾಡಿಸುವ ಆಸೆ ಇದ್ದರೆ ಮಾಡಿಸಬಹುದು. ಅವರ ಅಲ್ಲಿನ ಪ್ಯಾರಿಷ್‌ನಿಂದ ಒಪ್ಪಿಗೆಯ ಪತ್ರ ತರಲು ಹೇಳಿ. ಪ್ರಯಾಣದ ವಿಷಯವೂ ಈಗಲೇ ಗೊತ್ತಿರಲಿ. ಭಾರತದಲ್ಲೇ ದತ್ತು ಪೂರ್ತಿಯಾಗಿ ಐಎಚ್-3 ವೀಸಾದಲ್ಲಿ ಹೋದ ಮಗು ಅಮೆರಿಕದ ಒಳಗೆ ಕಾಲಿಟ್ಟು ಅವರ ಜೊತೆ ವಾಸ ಶುರುಮಾಡಿದ ಕೂಡಲೇ ಅಲ್ಲಿನ ಪೌರ ಆಗುತ್ತದೆ. ಆಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಊರಿಗೆ ಬರಲು ಒಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವುದು) ಅಥವಾ ವೀಸಾ ಬೇಕು. ಹಬ್ಬಕ್ಕೆ ಬರುವುದಾದರೆ ಟಿಕೆಟ್‌ಗಿಂತ ಮೊದಲು ಅದನ್ನು ನೋಡಿಕೊಳ್ಳಲಿ. ತಂಗಿಗೆ ನನ್ನ ನಂಬರ್ ಕೊಡುತ್ತೇನೆ ಅಕ್ಕಾ. ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಮಾಡಲಿ, ಪ್ರಾರ್ಥನೆಯ ಮಾತೇ ಆಗಬೇಕೆಂದಿಲ್ಲ.