ಮೋಲ್ಡ್ ಹಾಕುವ ದಿನ ಮಿಕ್ಸರ್‌ಗೆ ನೀರೆಷ್ಟು?

ವಿದ್ಯಾರಣ್ಯಪುರದಿಂದ ಪ್ರಶ್ನೆ:
30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮುಂದಿನ ಭಾನುವಾರ ಮೋಲ್ಡ್, ಅಂದರೆ ತಾರಸಿಗೆ ಕಾಂಕ್ರೀಟ್ ಹಾಕೋದು. ಸಿಮೆಂಟ್ ಮೂಟೆಗೆ ನೀರು 25 ಲೀಟರ್ ದಾಟಬಾರದು ಅಂತಾರೆ ಎಂಜಿನಿಯರ್. ಅಷ್ಟರಲ್ಲಿ ಕಂಬಿ ಸಂದಿಗೆ ಮಾಲು ಇಳಿಯೋದೇ ಇಲ್ಲ ಅಂತಾರೆ ಮೇಸ್ತ್ರಿ. ಯಾರ ಮಾತು ಕೇಳಲಿ? ಕಟ್ಟಿಸಿದವರು ಹೇಳಿ.

ಕೆಂಗೇರಿಯಿಂದ:
ಮೇಸ್ತ್ರಿ ಮಾತು ಕೇಳಿದವನು ನಾನು, 2016ರಲ್ಲಿ. ಪೈಪನ್ನೇ ಮಿಕ್ಸರ್ ಬಾಯಿಗೆ ಬಿಟ್ಟಿದ್ದರು. ಮಾಲು ಪಾಯಸದ ಹಾಗೆ ಹರಿಯಿತು. ಮಧ್ಯಾಹ್ನಕ್ಕೆಲ್ಲ ಕೆಲಸ ಮುಗಿಯಿತು. ಖುಷಿಯಲ್ಲಿ ಎಲ್ಲರಿಗೂ ಬಿರಿಯಾನಿ ಕೊಡಿಸಿದೆ! ಸಂಜೆ ನೋಡಿದರೆ ಮೇಲೆ ತೆಳ್ಳಗೆ ನೀರು ತೇಲಿ ನಿಂತಿತ್ತು. ಒಣಗಿದ ಮೇಲೆ ಬೆರಳಲ್ಲಿ ಉಜ್ಜಿದರೆ ಬಿಳಿ ಪುಡಿ. ಎಂ20 ಅಂತ ಹಾಕಿಸಿದ್ದು, ಅಂದರೆ ಚದರ ಮಿ.ಮೀ.ಗೆ 20 ನ್ಯೂಟನ್ ಒತ್ತಡ ತಡೆಯಬೇಕು. ಅದೇ ಮಾಲಿನ ಪರೀಕ್ಷೆಯ ಕ್ಯೂಬನ್ನು 28ನೇ ದಿನ ಒಡೆಸಿದರೆ 14 ಚಿಲ್ಲರೆ ಬಂತು. ಮೂರನೇ ಮಳೆಗಾಲಕ್ಕೆ ಕಿಟಕಿ ಮೇಲಿನ ಸಜ್ಜಾ ಕೆಳಗೆ ತುಕ್ಕಿನ ಗೆರೆ.

ಆಮೇಲೆ ತಿಳಿಯಿತು. ಸಿಮೆಂಟು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ನೀರು ಅದರ ತೂಕದ ಹೆಚ್ಚುಕಡಿಮೆ ಕಾಲು ಭಾಗ. ಮಿಕ್ಕದ್ದರಲ್ಲಿ ಬಹುಪಾಲು ಕಲೆಸಲು, ಹರಡಲು ಸಲೀಸಾಗಲಿ ಅಂತ ಹಾಕೋದು. ಅದು ಆರಿಹೋದ ಕಡೆ ಕಣ್ಣಿಗೆ ಕಾಣದ ತೂತು ಉಳಿಯುತ್ತದೆ. ತೂತುಗಳು ಒಂದಕ್ಕೊಂದು ಸೇರಿಕೊಂಡರೆ ಮಳೆ ನೀರು, ಗಾಳಿ ಎರಡಕ್ಕೂ ಕಂಬಿವರೆಗೆ ದಾರಿ ಆಯಿತು ಅಲ್ವಾ?

ಪೀಣ್ಯ ಕಡೆಯ ಸೈಟ್ ಎಂಜಿನಿಯರ್:
ನಿಮ್ಮ ಎಂಜಿನಿಯರ್ ಹೇಳಿದ್ದು ಸರಿ. ಮಳೆಗೆ ಒಡ್ಡಿಕೊಳ್ಳುವ ಆರ್‌ಸಿಸಿಗೆ (ಕಂಬಿ ಹಾಕಿದ ಕಾಂಕ್ರೀಟಿಗೆ) ಐಎಸ್ 456 ಅನ್ನೋ ಭಾರತೀಯ ಮಾನಕದ ಪ್ರಕಾರ ನೀರು-ಸಿಮೆಂಟಿನ ತೂಕದ ಅನುಪಾತ 0.50 ಮೀರಬಾರದು, ಗ್ರೇಡ್ ಕನಿಷ್ಠ ಎಂ25 ಇರಬೇಕು. 50 ಕೆಜಿ ಮೂಟೆಗೆ 25 ಲೀಟರ್ ಅಂದರೆ ಅದೇ ಲೆಕ್ಕ.

ಆದರೆ ಎಲ್ಲರೂ ಮರೆಯೋದು ಒದ್ದೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು). ರಾತ್ರಿ ಮಳೆ ಬಂದು, ಒಂದು ಮೂಟೆಗೆ ಬೆರೆಸುವ 80 ಕೆಜಿ ಮರಳಿನ ಮೇಲೆ ನೂರಕ್ಕೆ 5ರಷ್ಟು ತೇವ ಕೂತಿದ್ದರೆ, 4 ಲೀಟರ್ ಅಲ್ಲೇ ಇದೆ. ನೀವು ಹಾಕಬೇಕಾದ್ದು 21. ಖಾಲಿ ಪೇಂಟ್ ಬಕೆಟ್ಟಿಗೆ ಲೀಟರ್ ಅಳೆದು ಗೆರೆ ಹಾಕಿ, ಪೈಪ್ ಎತ್ತಿಡಿ. ಸಲೀಸಾಗಿ ಇಳಿಯಬೇಕು ಅಂದರೆ ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಮಾಲು ಸಡಿಲ ಮಾಡುವ ದ್ರಾವಣ) ತರಿಸಿ, ಡಬ್ಬಿ ಮೇಲಿನ ಅಳತೆಯಷ್ಟೇ ಹಾಕಿ.

ಯಲಹಂಕದಿಂದ:
ಮೇಸ್ತ್ರಿ ಹೇಳೋದೂ ಪೂರ್ತಿ ಸುಳ್ಳಲ್ಲ. ನಾವು ನೀರು ಕಟ್ಟುನಿಟ್ಟಾಗಿ ಹಾಕಿಸಿದೆವು, ಅರ್ಧದಲ್ಲಿ ಮಾಲು ಅದುರಿಸಿ ಕೂರಿಸುವ ವೈಬ್ರೇಟರ್ ಕೆಟ್ಟಿತು. ಸೆಂಟ್ರಿಂಗ್ ಬಿಚ್ಚಿದರೆ ಒಂದು ಬೀಮಿನ ತಳದಲ್ಲಿ ಬರೀ ಜಲ್ಲಿ, ಜೇನುಗೂಡಿನ ಹಾಗೆ. ಇನ್ನೊಂದು ವೈಬ್ರೇಟರ್ ಬಾಡಿಗೆಗೆ ತಂದಿಟ್ಟುಕೊಳ್ಳಿ.

ಹೆಸರಘಟ್ಟ ರಸ್ತೆಯಿಂದ:
ಆರ್‌ಎಂಸಿ (ಪ್ಲಾಂಟಿನಲ್ಲೇ ಕಲೆಸಿ ತರುವ ರೆಡಿಮಿಕ್ಸ್) ತರಿಸಿದರೂ ಲಾರಿ ಪಕ್ಕದಲ್ಲೇ ನಿಂತಿರಿ. ನಮ್ಮದು ಟ್ರಾಫಿಕ್‌ನಲ್ಲಿ ಸಿಕ್ಕಿ ಲೇಟಾಗಿ ಬಂತು, ಗಟ್ಟಿಯಾಗಿದೆ ಅಂತ ಸುಮ್ನೆ ನೀರು ಬಿಡೋಕೆ ಹೊರಟಿದ್ದರು. ನೀರು ಧಾರಾಳವಾಗಿ ಬೇಕಿರೋದು ಮಾರನೇ ದಿನದಿಂದ, ಮೋಲ್ಡ್ ಮೇಲೆ, ಕ್ಯೂರಿಂಗ್‌ಗೆ. ಪಾತಿ ಕಟ್ಟಿ ನಿಲ್ಲಿಸಿ. ಪಿಪಿಸಿ (ಹಾರುಬೂದಿ ಬೆರೆತ ಸಿಮೆಂಟು) ಆದರೆ 10 ದಿನಕ್ಕೆ ಕಡಿಮೆ ಬೇಡ.

ಮತ್ತೆ ವಿದ್ಯಾರಣ್ಯಪುರ:
ಎಲ್ಲರಿಗೂ ಥ್ಯಾಂಕ್ಸ್. ಬಕೆಟ್ಟಿಗೆ ಕೆಂಪು ಗೆರೆ ಎಳೆದು ಮೇಸ್ತ್ರಿಗೆ ತೋರಿಸಿದೆ. "ಏನ್ ಸಾರ್, ಔಷಧಿ ಕುಡಿಸ್ತೀರಾ?" ಅಂತ ನಕ್ಕರು. ಭಾನುವಾರ ಮಿಕ್ಸರ್ ಪಕ್ಕದಲ್ಲಿ ನಾನೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ.