ಅಪ್‌ಡೇಟ್: ಹಳೆಯ ಮೊಬಿಲಿಯೋ ಬದಿಯಡ್ಕಕ್ಕೆ ಬಂತು

2014ರಲ್ಲಿ ಭಾರತಕ್ಕೆ ಬಂದು 2017ರಲ್ಲಿ ಮಾರಾಟ ನಿಂತ ಹೋಂಡಾ ಮೊಬಿಲಿಯೋ ಎಂಬ ಏಳು ಸೀಟಿನ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡರೆ ಬಿಡಿಭಾಗಗಳಿಗೆ ಪರದಾಡಬೇಕಾದೀತೇ ಎಂದು ಹಿಂದೊಮ್ಮೆ ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮಂಗಳೂರಿನಿಂದ ಪೆಟ್ರೋಲ್ ಗಾಡಿಯನ್ನೇ ಕೊಂಡೆವು. ಇದರ 1.5 ಲೀಟರ್ ಐ-ವಿಟೆಕ್ ಎಂಜಿನ್ ಹೋಂಡಾದ್ದೇ ಆದ ‘ಸಿಟಿ’ ಕಾರಿನಲ್ಲೂ ಇದ್ದುದರಿಂದ, ನೀವು ಹೇಳಿದಂತೆಯೇ, ಫಿಲ್ಟರು, ಬೆಲ್ಟು, ಪ್ಲಗ್ಗುಗಳಿಗೆ ತೊಂದರೆಯಾಗಲಿಲ್ಲ. ಹಿಂಬದಿಯ ಲೈಟಿನಂತಹ, ಈ ಮಾದರಿಗೇ ಮೀಸಲಾದ ಭಾಗಕ್ಕೆ ಮಾತ್ರ ಕಾಯಬೇಕಾಯಿತು.

ನಡುಸಾಲಿನ ಸೀಟನ್ನು ಮುಂದಕ್ಕೆ ಮಗುಚಿದರೂ ಅಮ್ಮನಿಗೆ ಸೀರೆಯ ನೆರಿಗೆ ಹಿಡಿದುಕೊಂಡು ಮೂರನೆಯ ಸಾಲಿಗೆ ನುಸುಳುವುದು ಕಷ್ಟವೇ. ಮಕ್ಕಳು ಮಾತ್ರ ಅಲ್ಲಿಗೇ ಹಟ ಹಿಡಿಯುತ್ತಾರೆ. ಆ ಸಾಲನ್ನು ಮಡಚಿದರೆ ಅಡಿಕೆ ಚೀಲಗಳು ಸಲೀಸಾಗಿ ಹಿಡಿಸುತ್ತವೆ. ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಅಡಿಗೂ ನಡುವಿನ ಅಂತರ) 189 ಮಿಲಿಮೀಟರ್ ಇದ್ದರೂ, ಏಳು ಮಂದಿ ಕೂತಾಗ ನಮ್ಮ ಮನೆಯ ಮುರಕಲ್ಲಿನ ಏರುದಾರಿಯಲ್ಲಿ ಅಡಿ ತಾಗದಂತೆ ತುಸು ಓರೆಯಾಗಿ ಹತ್ತಿಸಬೇಕಾಗುತ್ತದೆ.

ನಮ್ಮಂತೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿದ್ದು ಗಡಿಯಾಚೆಯ ಕರ್ನಾಟಕದಿಂದ ಕೊಳ್ಳುವವರು, ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಕೇರಳದ ತೆರಿಗೆ ಕಟ್ಟಿ, ಮಂಗಳೂರಿನ ಕೆಎ 19 ನೋಂದಣಿ ಹೋಗಿ ಕಾಸರಗೋಡಿನ ಕೆಎಲ್ 14 ಬರುವವರೆಗಿನ ಖರ್ಚನ್ನೂ ಓಡಾಟವನ್ನೂ ಬೆಲೆ ಚೌಕಾಶಿಯ ಹೊತ್ತಿಗೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು. ಕರ್ನಾಟಕದಲ್ಲಿ ಕಟ್ಟಿದ್ದ ಜೀವಾವಧಿ ತೆರಿಗೆಯ ಮರುಪಾವತಿಗೆ ಈಗಷ್ಟೇ ಅರ್ಜಿ ಕೊಟ್ಟಿದ್ದೇವೆ.